ಊರ ಹಗೇವಿಗೆ ಒಣ ನೆಲ

ಹಿಂದಿನವರಿಗೆ ಎಲ್ಲ ಗೊತ್ತಿತ್ತು ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೊದಲು ಬರುವುದು ಆಕಳಿಕೆ. ಗೊತ್ತಿತ್ತು, ಇಲ್ಲ ಅನ್ನುವುದಿಲ್ಲ. ಮಳೆ ಯಾವಾಗ ಕೈಕೊಡುತ್ತದೆ, ಕೈಕೊಟ್ಟಾಗ ಏನು ಉಣ್ಣಬೇಕು, ಅದನ್ನು ಎಲ್ಲಿ ಕಾಪಾಡಿಡಬೇಕು, ಎಲ್ಲ ಗೊತ್ತಿತ್ತು. ಆ ತಿಳಿವಳಿಕೆಯ ಜೊತೆ ಒಂದೇ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದವಳು ನಾನು. ಅದರ ವಾಸನೆ ಸಹಿಸಿದ್ದೇನೆ, ಅದಕ್ಕೆ ಸಗಣಿ ಸಾರಿಸಿದ್ದೇನೆ, ಅದು ಕೊಳೆತದ್ದನ್ನೂ ನೋಡಿದ್ದೇನೆ. ಹೊಗಳುವ ಕೆಲಸವನ್ನು ದೂರದಲ್ಲಿರುವವರಿಗೆ ಬಿಟ್ಟಿದ್ದೇನೆ.

ನಾನು ಬಳ್ಳಾರಿಯ ಕೌಲ್ ಬಜಾರಿನವಳು. ಅಪ್ಪನದು ಹಿಂಡಿ, ಹತ್ತಿಕಾಳು ಮಾರುವ ಸಣ್ಣ ಅಂಗಡಿ. ನಮ್ಮ ಗಲ್ಲಿಯಲ್ಲಿ ಎಲ್ಲ ಜಾತಿಯವರೂ ಒಬ್ಬರ ಮೈಗೆ ಒಬ್ಬರು ತಾಗಿಕೊಂಡೇ ಓಡಾಡಬೇಕಿತ್ತು, ಇಲ್ಲವಾದರೆ ಯಾರೂ ಮನೆ ಮುಟ್ಟುತ್ತಿರಲಿಲ್ಲ, ಅಷ್ಟು ಇಕ್ಕಟ್ಟು. ಅರವತ್ತರ ದಶಕದ ಮೊದಲಲ್ಲಿ ನನ್ನನ್ನು ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವ ದಾರಿಯಿಂದ ಒಳಗಿದ್ದ ಒಂದು ಊರಿಗೆ ಕೊಟ್ಟರು. ಎರೆ ಹೊಲ, ಎರಡು ಜೋಡಿ ಎತ್ತು, ಒಬ್ಬನೇ ಮಗ, ಮಾತು ಕಡಿಮೆ ಎಂದು ಅಪ್ಪ ಖುಷಿಪಟ್ಟರು. ಮಾತು ಕಡಿಮೆ ಇದ್ದದ್ದು ಮಗನದು. ಮಾವನದಲ್ಲ.

ಬಂದ ಹೊಸದರಲ್ಲಿ ಅತ್ತೆ ತಟ್ಟೆಗೆ ಹಾಕಿದ ಜೋಳದ ರೊಟ್ಟಿಯ ವಾಸನೆಗೆ ನಾನು ಮುರಿದ ತುಂಡನ್ನು ಹಾಗೇ ಕೆಳಗಿಟ್ಟೆ. ಹಸಿ ಮಣ್ಣು, ಹಳೆಯ ಹೊಗೆ, ಸ್ವಲ್ಪ ಹುಳಿ ಎಲ್ಲ ಕೂಡಿದ ವಾಸನೆ. ಜೋಳದ ರೊಟ್ಟಿ ತಿಂದೇ ಬೆಳೆದವಳು ನಾನು, ಆದರೆ ಬಳ್ಳಾರಿಯಲ್ಲಿ ನಾವು ತಿನ್ನುತ್ತಿದ್ದದ್ದು ಬ್ರೂಸ್‌ಪೇಟೆ ಮಂಡಿಯಿಂದ ತಂದ ಚೀಲದ ಜೋಳ. ಇದು ಹಗೇವಿನ ಜೋಳ. ನೆಲದೊಳಗೆ ಎರಡು ವರ್ಷ, ಮೂರು ವರ್ಷ ಮಲಗಿ ಎದ್ದು ಬಂದದ್ದು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡದ್ದನ್ನು ಮಾವ ನೋಡಿಬಿಟ್ಟರು.

"ಪ್ಯಾಟಿ ಮೂಗು," ಎಂದು ನಕ್ಕರು. "ಎಲ್ಡು ವರ್ಸ ತಡಿಯವ್ವಾ. ಆಮ್ಯಾಲೆ ಇದ ರುಚಿ ಅನ್ನಿಸ್ತೈತಿ, ಚೀಲದ ಜೋಳ ಸಪ್ಪಗ ಹತ್ತತೈತಿ."

ನನಗೆ ಯಾವತ್ತೂ ರುಚಿ ಅನ್ನಿಸಲಿಲ್ಲ. ಹೊಟ್ಟೆ ತುಂಬುತ್ತಿತ್ತು, ಅಷ್ಟೆ.

ಹಗೇವು ಎಂದರೆ ನೆಲದಲ್ಲಿ ಗಡಿಗೆಯ ಆಕಾರದಲ್ಲಿ ತೋಡಿದ ಗುಂಡಿ. ಬಾಯಿ ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ತುಂಬುವ ಮುಂಚೆ ಒಳಗೆ ಹುಲ್ಲು ಸುಟ್ಟು ಗೋಡೆ ಒಣಗಿಸಬೇಕು, ಸುತ್ತಲೂ ಜೋಳದ ಹೊಟ್ಟು ತುರುಕಬೇಕು, ಕಾಳು ಸುರಿದು ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಮಣ್ಣು. ಆ ಮಣ್ಣಿನ ಮೇಲೆ ಸಗಣಿ ಸಾರಿಸುವುದು ಹೆಂಗಸರ ಪಾಲು. ಗಾಳಿ ನುಸುಳದಿದ್ದರೆ ಹುಳ ಹುಟ್ಟುವುದಿಲ್ಲ, ನೀರು ನುಸುಳದಿದ್ದರೆ ಕಾಳು ಕೆಡುವುದಿಲ್ಲ. ಉಳ್ಳವರ ಮನೆಗೊಂದು ಹಗೇವಿತ್ತು. ಅವುಗಳಲ್ಲದೆ ಮಠದ ಮುಂದಿನ ಬಯಲಿನಲ್ಲಿ ಒಂದು ದೊಡ್ಡದಿತ್ತು, ಅದು ಊರ ಹಗೇವು.

ಎಲ್ಲಿ ತೋಡಬೇಕು ಎಂದು ನೆಲ ನೋಡಿ ಹೇಳುವವರು ನನ್ನ ಮಾವ. ಅವರ ಅಪ್ಪನೂ ಅದೇ ಕೆಲಸ ಮಾಡಿದ್ದರಂತೆ. ಹಾರೆಯಿಂದ ನೆಲ ಚುಚ್ಚಿ, ಬಂದ ಮಣ್ಣನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಕೆಲವೊಮ್ಮೆ ನಾಲಿಗೆಗೂ ಹಚ್ಚಿ ನೋಡುತ್ತಿದ್ದರು. ಸಣ್ಣ ಕಲ್ಲು ಬೆರೆತ ಗರಸು ನೆಲ ಆಗಬೇಕು, ಕಪ್ಪು ಎರೆ ನೆಲ ಕೂಡದು. "ಎರಿ ಮಣ್ಣು ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಗಟಗಟ ಕುಡೀತೈತಿ. ಕುಡುಕನ ಕೈಯಾಗ ಯಾರರ ಜೋಳ ಕೊಡತಾರೇನು?" ಎನ್ನುತ್ತಿದ್ದರು. ಈ ಮಾತನ್ನು ಅವರು ಪ್ರತಿ ವರ್ಷ ಹೇಳುತ್ತಿದ್ದರು, ಪ್ರತಿ ವರ್ಷ ಕಟ್ಟೆಯ ಮೇಲಿದ್ದವರು ಹೊಸದಾಗಿ ಕೇಳಿದ ಹಾಗೆ ನಗುತ್ತಿದ್ದರು.

ರಾಶಿ ಮುಗಿದು ಉಗಾದಿ ಬರುವುದರೊಳಗೆ ಮಠದ ಕಟ್ಟೆಯ ಮೇಲೆ ಗಂಡಸರು ಸೇರುತ್ತಿದ್ದರು. ಈ ವರ್ಷ ಊರ ಹಗೇವಿಗೆ ಎಷ್ಟು, ಯಾರ ಮನೆಯಿಂದ ಎಷ್ಟು ಎಂದು ತೀರ್ಮಾನವಾಗುವುದು ಅಲ್ಲಿ. ಎತ್ತು ಎಷ್ಟಿವೆಯೋ ಅದರ ಮೇಲೆ ಪಾಲು. ಸ್ವಾತಿ ಮಳೆ ಹೇಗಾಯಿತು, ಗಾಳಿ ಯಾವ ಕಡೆ ತಿರುಗಿತು, ಬರುವ ವರ್ಷ ರೋಹಿಣಿ ಹೇಗೆ ಎಂದು ವಾದ ಮಾಡುತ್ತಿದ್ದರು. ರೋಹಿಣಿ ಮಳೆ ಆದರೆ ಓಣಿಯೆಲ್ಲ ಜೋಳ ಅನ್ನುವ ಗಾದೆ ಎಲ್ಲರಿಗೂ ಬಾಯಿಪಾಠ, ಆದರೂ ನಮ್ಮ ಕಡೆ ರೋಹಿಣಿಯನ್ನು ನಂಬಿ ಯಾರೂ ಪಾಲು ಕಡಿಮೆ ಮಾಡುತ್ತಿರಲಿಲ್ಲ. ಮಳೆ ಕೊಟ್ಟ ಮಾತು ಉಳಿಸಿಕೊಳ್ಳುವ ಪೈಕಿ ಅಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಹಿಂಗಾರು ಕೈಕೊಟ್ಟ ವರ್ಷ ಊರ ಹಗೇವು ತೆಗೆಯುತ್ತಿದ್ದರು. ಆಗ ಎತ್ತಿನ ಲೆಕ್ಕ ಇಲ್ಲ, ಮನೆಯಲ್ಲಿ ಉಣ್ಣುವ ಬಾಯಿ ಎಷ್ಟೋ ಅಷ್ಟು ಕಾಳು. ಎತ್ತೂ ಇಲ್ಲದ, ಹೊಲವೂ ಇಲ್ಲದ, ಊರ ಹೊರಗಿನ ಕೇರಿಗೂ ಅದೇ ಅಳತೆ. ಬರದ ವರ್ಷ ಕೇರಿಯ ಒಲೆ ಹೊಗೆಯಾಡುತ್ತಿದ್ದದ್ದು ಈ ಒಂದು ಗುಂಡಿಯಿಂದ. ಅದು ತಪ್ಪಿದರೆ ಅವರಿಗೆ ಗುಳೆ ಹೋಗುವುದೊಂದೇ ದಾರಿ.

ಹಗೇವಿಗೆ ಇಳಿಯುವವನು ಕೇರಿಯವನೇ. ಮಾವನ ಓರಿಗೆಯವನು, ಕಡ್ಡಿಯಂಥ ಆಳು, ಊರವರು ಅವನನ್ನು ಹಗೇವಿನಾತ ಎಂದೇ ಕರೆಯುತ್ತಿದ್ದರು. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಇರುತ್ತದೆ. ಕಲ್ಲು ಸರಿಸಿ ಒಂದು ದಿನ ಹಾಗೇ ಬಿಟ್ಟು, ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಏರಿಸಿ ಗಾಳಿ ಆಡಿಸಿ, ಆಮೇಲೆ ಕಂದೀಲು ಇಳಿಸುತ್ತಿದ್ದರು. ದೀಪ ಆರಿದರೆ ಇಳಿಯುವ ಹಾಗಿಲ್ಲ. ಉರಿಯುತ್ತಿದ್ದರೆ ಆತ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯುತ್ತಿದ್ದ. ಜೀವ ಒತ್ತೆಯಿಟ್ಟು ಇಳಿಯುವುದಕ್ಕೆ ಮೊದಲ ಬುಟ್ಟಿ ಜೋಳ ಆತನ ಮನೆಗೆ. ಅದು ದಾನವಲ್ಲ, ಹಕ್ಕು. ಆತನ ಹೆಂಡತಿ ಆ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಮಠದ ಮುಂದಿನಿಂದ ನೆಟ್ಟಗೆ ನಡೆದುಹೋಗುತ್ತಿದ್ದಳು, ಬೇರೆ ದಿನಗಳಲ್ಲಿ ಆ ದಾರಿಯಲ್ಲಿ ಆಕೆ ಹಾಗೆ ನಡೆಯುವಂತಿರಲಿಲ್ಲ.

ನಾನು ಬಂದ ಮೇಲೆ ಮೊದಲ ಸಲ ತೆಗೆದದ್ದು ಅರವತ್ತರ ದಶಕದ ನಡುವಿನ ಒಂದು ಒಣ ವರ್ಷ. ಆತ ಒಳಗೆ ನಿಂತು, ಕಾಳಿನ ಮೇಲೆ ಮೊಣಕಾಲುದ್ದ ಹೂತುಕೊಂಡು, ಬುಟ್ಟಿ ತುಂಬಿ ಕಳಿಸುತ್ತಿದ್ದ. ಮೇಲೆ ಅಳೆದು ಹಂಚುತ್ತಿದ್ದರು. ಊರವರು ಕಟ್ಟೆಯ ಕಡೆ ನಿಂತಿದ್ದರು, ಕೇರಿಯವರು ಬಯಲಿನ ಕೊನೆಯಲ್ಲಿ. ಅವರ ಸೆರಗಿಗೆ ಕಾಳನ್ನು ಮೇಲಿನಿಂದ ಸುರಿಯುತ್ತಿದ್ದರು, ಕೈ ತಾಗದ ಹಾಗೆ. ಆತ ತುಳಿದು ತುಂಬಿದ ಜೋಳವನ್ನು ನಾವು ಮನೆಗೆ ಒಯ್ದು ಬೀಸಿ ದೇವರಿಗೆ ನೈವೇದ್ಯ ಮಾಡಿ ಉಣ್ಣುತ್ತೇವೆ, ಆತನ ಹೆಂಡತಿಯ ಸೆರಗು ಮಾತ್ರ ದೂರ. ಕೌಲ್ ಬಜಾರಿನ ನನಗೆ ಇದು ತಮಾಷೆಯಾಗಿ ಕಂಡಿತು. ಅತ್ತೆಯ ಕಿವಿಯಲ್ಲಿ ಹೇಳಿದೆ. ಅತ್ತೆ ನನ್ನ ಮೊಣಕೈ ಚಿವುಟಿದರು. ಆಮೇಲೆ ವರ್ಷಗಳು ಹೋದ ಹಾಗೆ ನನಗೂ ಅದು ಕಣ್ಣಿಗೆ ರೂಢಿಯಾಯಿತು, ವಾಸನೆ ರೂಢಿಯಾದ ಹಾಗೆ.

ಅಷ್ಟರಲ್ಲಿ ಕಾಲುವೆ ನೀರು ನಮ್ಮ ಊರಿನ ಮೇಲ್ಭಾಗಕ್ಕೂ ಬಂತು. ತೆಲುಗು ಮಾತಾಡುವ ರೈತರು ಆಂಧ್ರದ ಕಡೆಯಿಂದ ಬಂದು ಜಮೀನು ಕೊಂಡು, ಗುಡಿಸಲು ಹಾಕಿ, ಕ್ಯಾಂಪು ಮಾಡಿಕೊಂಡರು. ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಮಡಿ ಕಟ್ಟಿ ನೀರು ನಿಲ್ಲಿಸಿ ನೆಲ್ಲು ನಾಟಿ ಮಾಡಿದರು. ನಮ್ಮವರು ಮೊದಲು ನಕ್ಕರು, ಆಮೇಲೆ ನೋಡಿದರು, ಆಮೇಲೆ ತಾವೂ ಹಾಕಿದರು. ದೇಶನೂರಿಗೆ ಕೊಟ್ಟಿದ್ದ ನಾದಿನಿಯ ಮನೆಯಿಂದ ಬಂಡಿಯಲ್ಲಿ ಅಕ್ಕಿ ಬರತೊಡಗಿತು. ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ ಎಂದು ಮಾವ ಗೊಣಗುತ್ತಲೇ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಳ್ಳುತ್ತಿದ್ದರು. ನನ್ನ ಮಟ್ಟಿಗೆ ಹೇಳುವುದಾದರೆ ಆ ಅನ್ನ ಕಂಡು ನನ್ನ ಕೈಗಳು ಸಂತೋಷಪಟ್ಟವು. ಬೀಸುವುದಿಲ್ಲ, ಬಡಿಯುವುದಿಲ್ಲ, ಬೇಯಿಸಿದರೆ ಮುಗಿಯಿತು.

ಇನ್ನೊಂದು ಸಂತೋಷವೂ ಬಂತು. ನಮ್ಮ ಓಣಿಯ ಬಾವಿ ಆಳವಾದದ್ದು, ಬೇಸಿಗೆಯಲ್ಲಿ ಸೇದಿ ಸೇದಿ ಅಂಗೈ ಸುಲಿಯುತ್ತಿತ್ತು. ಗದ್ದೆಗಳು ಬಂದ ಮೇಲೆ ಬಾವಿಯ ನೀರು ತಾನಾಗಿ ಮೇಲಕ್ಕೆ ಬರತೊಡಗಿತು. ಹಗ್ಗ ಉದ್ದವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ನಾವು ಹೆಂಗಸರು ಅದನ್ನು ಕತ್ತರಿಸಿದೆವು. ಮುಂದಿನ ವರ್ಷ ಮತ್ತೆ ಕತ್ತರಿಸಿದೆವು. ತುಂಡುಗಳಲ್ಲಿ ಕರು ಕಟ್ಟಿದೆವು, ಮಕ್ಕಳಿಗೆ ಜೋಕಾಲಿ ಹಾಕಿದೆವು. ಎದುರು ಮನೆಯಾಕೆ ಬಾವಿಗೆ ಕುಂಕುಮ ಹಚ್ಚಿ ಕೈಮುಗಿದಳು. ಆಕೆಗೂ ನನಗೂ ಒಂದೇ ವಯಸ್ಸು, ಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಿಯೇ ಕಸ ಗುಡಿಸುವವರು. "ಗಂಗವ್ವ ತಾನ ಎದ್ದು ಬಂದಾಳ ನೋಡು," ಅಂದಳು. ಹೌದು ಅಂದೆ. ಬೆನ್ನು ನೋವು ಕಡಿಮೆಯಾದರೆ ಯಾರು ತಾನೇ ಬೇರೆ ಯೋಚನೆ ಮಾಡುತ್ತಾರೆ.

ಆ ವರ್ಷಗಳಲ್ಲಿ ಮನೆಮನೆಯ ಹಗೇವು ತುಂಬುವುದು ನಿಂತಿತ್ತು, ಊರ ಹಗೇವು ತುಂಬಿಯೇ ಇತ್ತು. ತೆಗೆಯುವ ಪ್ರಸಂಗ ಬರಲಿಲ್ಲ. ಕಟ್ಟೆಯ ಕೂಟ ಮಾತ್ರ ತಪ್ಪದೆ ನಡೆಯುತ್ತಿತ್ತು, ಮೋಡದ ಲೆಕ್ಕ, ಗಾಳಿಯ ಲೆಕ್ಕ ತಪ್ಪದೆ ನಡೆಯುತ್ತಿತ್ತು.

ಎಪ್ಪತ್ತರ ದಶಕ ಶುರುವಾದ ಮೇಲೆ ಮಳೆ ಒಂದರ ಹಿಂದೆ ಒಂದು ಹುಸಿಯಾಯಿತು. ಕಾಲುವೆಗೂ ನೀರು ಬಿಡಲಿಲ್ಲ. ಕ್ಯಾಂಪಿನ ಗದ್ದೆಗಳು ಬಿರುಕು ಬಿಟ್ಟವು, ಕೂಲಿ ನಿಂತಿತು. ಕೇರಿಯವರು ಬಂದು ಬಯಲಿನ ಕೊನೆಯಲ್ಲಿ ಕುಳಿತರು. ಏನೂ ಕೇಳಲಿಲ್ಲ, ಸುಮ್ಮನೆ ಕುಳಿತರು, ಕಟ್ಟೆಯ ಮೇಲಿದ್ದವರಿಗೆ ಅರ್ಥವಾಯಿತು. ಹಗೇವು ತೆಗೆಯುವುದು ಎಂದಾಯಿತು.

ಕಲ್ಲು ಸರಿಸಿದ ಕೂಡಲೆ ಬಂದ ವಾಸನೆಗೆ ಮುಂದೆ ನಿಂತವರು ಹಿಂದೆ ಸರಿದರು. ಹೆಂಡದಂಗಡಿಯ ಹಿಂದಿನ ಗಟಾರದ ವಾಸನೆ. ಮಾವನ ಮುಖ ಆಗಲೇ ಇಳಿದುಹೋಯಿತು. ಬೇವಿನ ಟೊಂಗೆ ಆಡಿಸಿದರು. ಕಂದೀಲು ಇಳಿಸಿದರು, ಆರಿತು. ಮರುದಿನ ಇಳಿಸಿದರು, ಆರಿತು. ಕೇರಿಯವರು ಬಯಲು ಬಿಟ್ಟು ಏಳಲಿಲ್ಲ.

"ಇಳೀತೀನಿ ಬಿಡ್ರಿ ಯಪ್ಪಾ," ಅಂದ ಹಗೇವಿನಾತ. "ಹಗ್ಗ ಐತಲ್ಲ. ಜಗ್ಗಿದ್ರ ಎಳಕಳ್ರಿ."

"ಸುಮ್ನಿರಲೇ. ದೀಪಕ್ಕಿಲ್ಲದ ಉಸುರು ನಿನಗ ಎಲ್ಲಿಂದ ಬರತೈತಿ?" ಮಾವ ಗದರಿದರು. "ಜೋಳ ಹೋದ್ರ ಹೋತು."

"ನಿಮಗ ಹೋದ್ರ ಹೋತು," ಅಂದ ಆತ. ಮೆಲ್ಲಗೆ ಅಂದ, ಆದರೆ ಎಲ್ಲರಿಗೂ ಕೇಳಿಸಿತು.

ದೀಪ ಆರದೆ ಉರಿದ ದಿನ ಇಳಿದ. ಬಹಳ ಹೊತ್ತು ಒಳಗಿನಿಂದ ದನಿಯೇ ಇಲ್ಲ. ಹಗ್ಗ ಹಿಡಿದಿದ್ದ ನನ್ನ ಗಂಡನಿಗೆ ಬೆವರು. ಮೇಲೆ ಬಂದಾಗ ಆತನ ಎರಡೂ ಕೈ ಮೊಣಕೈವರೆಗೆ ಕಪ್ಪು. ಅಂಗೈ ತುಂಬ ಕರಿ ಮುದ್ದೆ. ಅದನ್ನು ಮಾವನ ಮುಂದೆ ಹಿಡಿದ.

"ಸತ್ತೈತಿ ಯಪ್ಪಾ. ತಳದಾಗ ನೀರು ನಿಂತೈತಿ."

ಮಾವ ಏನೂ ತೋಚದೆ, ಬರೀ ಅಭ್ಯಾಸಬಲದಿಂದ, "ಮೊದಲ ಬುಟ್ಟಿ ನಿಂದು" ಅಂದುಬಿಟ್ಟರು. ಯಾರೋ ಒಬ್ಬ ನಕ್ಕ. ಹಗೇವಿನಾತನ ಹೆಂಡತಿ ನಗಲಿಲ್ಲ. ಬುಟ್ಟಿ ತುಂಬಿಸಿಕೊಂಡು, ಎಂದಿನ ಹಾಗೆ ತಲೆಯ ಮೇಲಿಟ್ಟುಕೊಂಡು, ಸೋರುವ ಕಪ್ಪು ನೀರು ಕೆನ್ನೆಯ ಮೇಲೆ ಇಳಿಯುತ್ತಿದ್ದರೂ ಮಠದ ಮುಂದಿನಿಂದಲೇ ಹೋದಳು. ಮನೆಯ ಮುಂದೆ ಒಣ ಹಾಕಿ ನೋಡಿದಳಂತೆ. ಕೋಳಿಗಳೂ ಮೂಸಲಿಲ್ಲವಂತೆ.

ಅಂದು ಮಾವ ಉಣ್ಣಲಿಲ್ಲ. ನಡುಮನೆಯಲ್ಲಿ ಕುಳಿತು, ಗರಸು ನೆಲ, ಎತ್ತರದ ನೆಲ, ಮಳೆಯೇ ಇಲ್ಲದ ವರ್ಷ, ತಳದಲ್ಲಿ ನೀರು ಎಲ್ಲಿಂದ ಬಂತು ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತಿದ್ದರು. ಅತ್ತೆ ಒಲೆಯ ಮುಂದಿನಿಂದ ಅಂದರು: "ಗದ್ದಿ ನೀರು ನೆಲದೊಳಗ ಇಳಿದು ಬಂದಿರಬೇಕು. ಬಾವ್ಯಾಗ ಬಂದಿಲ್ಲೇನು? ನಾವು ಹಗ್ಗ ಎಲ್ಡು ಸಲ ಕಡಿದ್ವಿ."

ಮಾವ ತಲೆಯೆತ್ತಿದರು. "ಯಾವಾಗ? ಯಾಕ ಹೇಳಲಿಲ್ಲ?"

"ನೀವು ಯಾವಾಗ ನೀರಿಗೆ ಬಂದೀರಿ ಹೇಳಾಕ?"

ಇಷ್ಟೇ ಆದದ್ದು. ಕಟ್ಟೆಯ ಮೇಲೆ ಆಕಾಶದ ಲೆಕ್ಕವೆಲ್ಲ ಇತ್ತು, ಬಾವಿಯ ಹಗ್ಗ ಮಾತ್ರ ಹೆಂಗಸರ ಕೈಯಲ್ಲಿತ್ತು. ಹಗೇವು ಗಂಡಸರದು, ನೀರು ಹೆಂಗಸರದು. ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಸಬೇಕು ಎಂದು ನಮಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಅದನ್ನು ನೆನೆದರೆ ನನಗೆ ಈಗ ಸಿಟ್ಟೂ ಬರುವುದಿಲ್ಲ, ದಣಿವು ಬರುತ್ತದೆ.

ಆ ವರ್ಷ ಊರು ದೇಶನೂರಿನ ಕಡೆಯಿಂದ ತಂದ ಹಳೆಯ ಅಕ್ಕಿ ಉಂಡು ಹೇಗೋ ದಾಟಿತು. ಕೇರಿಯ ಅರ್ಧ ಜನ ಬರಗಾಲದ ಕೆಲಸವೆಂದು ರಸ್ತೆಗೆ ಕಲ್ಲು ಒಡೆಯಲು ಹೋದರು, ಗಂಜಿ ಕುಡಿದರು. ಕೆಲವು ಮನೆಗಳಿಗೆ ಬೀಗ ಬಿತ್ತು. ಹಗೇವಿನಾತ ಎಲ್ಲೂ ಹೋಗಲಿಲ್ಲ. ದಿನಾ ಬೆಳಗ್ಗೆ ನಮ್ಮ ಮನೆಯ ಮುಂದೆ ಬಂದು ನಿಲ್ಲುತ್ತಿದ್ದ. ಕಾಳು ಬೇಡುವುದಕ್ಕಲ್ಲ. "ಹೊಸಾ ನೆಲ ನೋಡೂಣ ಬರ್ರಿ ಯಪ್ಪಾ," ಎಂದು ಮಾವನನ್ನು ಕರೆಯುವುದಕ್ಕೆ. ಮುಂದಿನ ಸುಗ್ಗಿಗೆ ಹಗೇವು ಇಲ್ಲದಿದ್ದರೆ ಊರು ಪಾಲು ಎತ್ತುವುದನ್ನೇ ಮರೆಯುತ್ತದೆ, ಪಾಲು ಮರೆತರೆ ಕೇರಿಯ ಅಳತೆಯೂ ಹೋಯಿತು ಎಂದು ಆತನಿಗೆ ಚೆನ್ನಾಗಿ ಗೊತ್ತಿತ್ತು.

ಇಬ್ಬರೂ ಹಾರೆ ಹಿಡಿದು ಊರ ಸುತ್ತ ತಿರುಗಿದರು. ಮಾವ ತಾವೇ ನೆಲ ಚುಚ್ಚಿ ಮಣ್ಣು ಮೂಸುತ್ತಿದ್ದರು. ಸಂಜೆ ಅವರ ಕಾಲಿಗೆ ಬಿಸಿನೀರು ಕೊಡುವಾಗ ಕೇಳುತ್ತಿದ್ದೆ, ಸಿಕ್ಕಿತೇ ಎಂದು. ಮಠದ ಹಿಂದೆ ಹಸಿ. ಹಳೇ ಕಣದ ಹತ್ತಿರ ಹಸಿ, ಮೇಲೆ ಬಿಳಿ ಉಪ್ಪು ಬೇರೆ. ಶಾಲೆಯ ದಿಬ್ಬವೂ ಒಳಗೊಳಗೇ ತೇವ. ಬರಗಾಲದಲ್ಲಿ, ಗಿಡಮರ ಒಣಗಿ ನಿಂತಿರುವಾಗ, ಮಾವ ಒಣ ನೆಲ ಸಿಗಲಿಲ್ಲ ಎಂದು ಅಲೆಯುತ್ತಿದ್ದರು. ಯಾರಿಗಾದರೂ ಹೇಳಿದರೆ ಹುಚ್ಚು ಅಂದಾರು.

ಕೊನೆಗೆ ಸಿಕ್ಕಿತು. ಒಂದೇ ಒಂದು ಜಾಗ. ಯಾರಿಗೂ ಬೇಡದ್ದು, ನೇಗಿಲು ಇಳಿಯದ್ದು, ಹುಲ್ಲೂ ಸರಿಯಾಗಿ ಹುಟ್ಟದ್ದು ಎಂದು ಹಿಂದಿನ ಕಾಲದಲ್ಲಿ ಯಾವುದನ್ನು ಕೇರಿಗೆ ಬಿಟ್ಟಿದ್ದರೋ ಆ ಕಲ್ಲುಗರಸಿನ ದಿಬ್ಬ. ಹಗೇವಿನಾತನ ಮನೆಯ ಹಿಂಬದಿ. ಹಾರೆ ಹಾಕಿದರೆ ಕಿಡಿ ಹಾರುವಂಥ ನೆಲ. ಅಗೆದ ಮಣ್ಣು ಬೆಂಕಿಯಲ್ಲಿ ಹುರಿದ ಹಾಗಿತ್ತಂತೆ. ಅದನ್ನು ಮಾವ ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅತ್ತೆಗೂ ನನಗೂ ತೋರಿಸಿದರು. ಮದುವೆಗೆ ಹೆಣ್ಣು ಗೊತ್ತಾದಷ್ಟು ಖುಷಿ ಅವರಿಗೆ.

ಉಗಾದಿಗೆ ಮುಂಚಿನ ಕೂಟದಲ್ಲಿ ಮಾವ ಆ ಮಣ್ಣನ್ನು ಕಟ್ಟೆಯ ಮೇಲೆ ಹರಡಿ ಹೇಳಿದರು. ನಾವು ಹೆಂಗಸರು ಎದುರಿನ ಮನೆಗಳ ಬಾಗಿಲ ಮರೆಯಲ್ಲಿ ನಿಂತಿದ್ದೆವು. ಮಣ್ಣು ಚೆನ್ನಾಗಿದೆ ಎಂದು ಒಂದಿಬ್ಬರು ಮುಟ್ಟಿ ನೋಡಿದರು. ಆಮೇಲೆ ಎದುರು ಮನೆಯ ಯಜಮಾನ ಗಂಟಲು ಸರಿಮಾಡಿಕೊಂಡ.

"ನೆಲ ಚಲೋ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ನಾಳೆ ಬರ ಬಿದ್ದಾಗ ನಮ್ಮ ಹೆಣ್ಮಕ್ಳು ಕೇರ್ಯಾಗ ಹೋಗಿ ನಿಂದ್ರಬೇಕೇನು? ಅವರ ಮನಿ ಹಿತ್ತಲದಾಗ?"

"ಇಷ್ಟು ವರ್ಸ ಅವ ಇಳಿದು ತುಳಿದ ಜೋಳ ಉಂಡೀರಿ," ಅಂದರು ಮಾವ.

"ಅದು ಬ್ಯಾರೆ. ಅವ ನಮ್ಮ ಹಗೇವಿಗೆ ಇಳೀತಿದ್ದ. ಈಗ ನಾವು ಅವರದಕ್ಕ ಹೋಗಬೇಕು."

ಇನ್ನೊಬ್ಬರು, ಕಾಯುವವರು ಯಾರು, ಬೇಲಿಯೇ ಹೊಲ ಮೇಯ್ದರೆ ಏನು ಮಾಡುವುದು ಅಂದರು. ಮತ್ತೊಬ್ಬರು, ಹೇಗಿದ್ದರೂ ಇನ್ನು ಕಾಲುವೆ ಇದೆ, ಒಂದು ವರ್ಷ ನೀರು ಬಿಡದಿದ್ದರೆ ಮುಂದಿನ ವರ್ಷ ಬಿಡುತ್ತಾರೆ, ಹಗೇವು ಇನ್ನೇಕೆ ಅಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವುದು ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಹಗೇವಿನಾತ ಬಯಲಿನ ಕೊನೆಯಲ್ಲಿ ನಿಂತು ಎಲ್ಲ ಕೇಳುತ್ತಿದ್ದ. ಮಾವ ಅವನ ಕಡೆ ಒಮ್ಮೆ ನೋಡಿದರು.

"ನಾ ನೆಲ ಹೇಳೀನಿ," ಅಂದರು. "ಉಳಿದದ್ದು ಊರಿಗೆ ಬಿಟ್ಟದ್ದು." ಎದ್ದು ಬಂದರು. ಮಣ್ಣು ಕಟ್ಟೆಯ ಮೇಲೇ ಉಳಿಯಿತು.

ನನಗೆ ಸಿಟ್ಟು ಬಂದದ್ದು ಎದುರು ಮನೆಯವನ ಮೇಲಲ್ಲ. ಅವನು ಎಂಥವನು ಎಂದು ಗೊತ್ತಿತ್ತು. ಸಿಟ್ಟು ಬಂದದ್ದು ಮಾವನ ಮೇಲೆ. "ಅಷ್ಟಕ್ಕ ಎದ್ದು ಬಂದ್ರೇನ್ರಿ ಮಾವಾರ?" ಎಂದು ಕೇಳಿಯೇಬಿಟ್ಟೆ.

"ಊರ ಮಾತು ಮೀರಾಕ ಬರತೈತೇನವ್ವಾ? ನಾಳೆ ನಮ್ಮ ಮನ್ಯಾಗ ಯಾರೂ ನೀರು ಮುಟ್ಟಂಗಿಲ್ಲ."

"ಮುಟ್ಟದಿದ್ರ ಬಿಡ್ಲಿ. ನೀರು ಸೇದಾಕಿ ನಾನ, ನನಗ ಕೆಲಸ ಕಡಿಮಿ."

ಅಂದಿನಿಂದ ಊರ ಹಗೇವಿನ ಮಾತು ನಿಂತಿತು. ಹಳೆಯ ಗುಂಡಿಗೆ ಕಸ ಸುರಿದರು. ಸುಗ್ಗಿಯಾದ ಮೇಲೆ ಅವರವರ ಕಾಳು ಅವರವರ ಚೀಲದಲ್ಲಿ ಬ್ರೂಸ್‌ಪೇಟೆಗೆ ಹೋಗತೊಡಗಿತು. ಬಾಯಿಗಿಷ್ಟು ಎಂದು ಅಳೆಯುವ ಪದ್ಧತಿ ಯಾರೂ ಬೇಡ ಅನ್ನದೆಯೇ ಇಲ್ಲವಾಯಿತು.

ಕೇರಿಯವರು ತಮ್ಮ ದಿಬ್ಬದಲ್ಲಿ ತಾವೇ ತೋಡಿದರು. ಊರದಕ್ಕಿಂತ ಬಹಳ ಸಣ್ಣದು. ತುಂಬಲು ಅವರಿಗೆಲ್ಲಿ ಹೊಲ? ಕುರುಗೋಡಿನ ಆಚೆ ಒಣಬೇಸಾಯದ ಹಳ್ಳಿಗಳಿಗೆ ಜೋಳ ಕೀಳಲು ಹೋಗಿ, ಕೂಲಿಯಾಗಿ ಬಂದ ಕಾಳನ್ನು ತಿನ್ನದೆ ಉಳಿಸಿ ಹಾಕುತ್ತಿದ್ದರು. ನೆಲ್ಲು ಕೊಯ್ಯಲು ಹೋದರೆ ಕೈಗೆ ದುಡ್ಡು ಬರುತ್ತಿತ್ತು, ಆದರೂ ಹಗೇವಿನಾತ ಅರ್ಧ ಕೇರಿಯನ್ನು ಜೋಳದ ಕಡೆಗೇ ಎಳೆದುಕೊಂಡು ಹೋಗುತ್ತಿದ್ದ ಎಂದು ಅವನ ಹೆಂಡತಿ ನಮ್ಮ ಹತ್ತಿ ಬಿಡಿಸಲು ಬಂದಾಗ ಬೈದುಕೊಳ್ಳುತ್ತಿದ್ದಳು. ಊರವರು ಆ ಹಗೇವಿನ ವಿಷಯ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದರು.

ಅತ್ತೆ ಹೋದರು. ಮಾವನಿಗೆ ವಯಸ್ಸಾಯಿತು. ಎಂಬತ್ತರ ದಶಕದಲ್ಲಿ ಮತ್ತೊಂದು ಕೆಟ್ಟ ವರ್ಷ ಬಂತು. ಆಗ ಊರಿನಲ್ಲಿ ಯಾರೂ ಹಸಿದು ಸಾಯುವ ಸ್ಥಿತಿ ಇರಲಿಲ್ಲ, ಅಕ್ಕಿ ಇತ್ತು, ಸೊಸೈಟಿಯ ಗೋದಿ ಇತ್ತು. ಇಲ್ಲದ್ದು ಬಿಳಿಜೋಳ. ನಮ್ಮ ಹೊಲಗಳಲ್ಲಿ ಅರ್ಧ ಕಾಲುವೆ ನೀರಿಗೆ ಜೌಳು ಹಿಡಿದು ಉಪ್ಪುಗಟ್ಟಿತ್ತು, ಉಳಿದರ್ಧದಲ್ಲಿ ಬಿತ್ತಿದ್ದು ಮೊಳಕೆಯಲ್ಲೇ ಒಣಗಿತು. ನನ್ನ ಗಂಡ ಬಳ್ಳಾರಿಗೆ ಹೋಗಿ ಹುಡುಕಿ ತಂದದ್ದು ಹೈಬ್ರಿಡ್ ಜೋಳ, ಅದರ ರೊಟ್ಟಿ ತಿಂದರೆ ಮಾವನಿಗೆ ಹೊಟ್ಟೆ ಉಬ್ಬರಿಸುತ್ತಿತ್ತು. ಅನ್ನ ನಿಲ್ಲುತ್ತಿರಲಿಲ್ಲ. ಹಾಸಿಗೆ ಹಿಡಿದ ಮುದುಕರು ಮಗುವಿನ ಹಾಗೆ ಒಂದೇ ಮಾತು: "ಒಂದು ರೊಟ್ಟಿ ಹಾಕವ್ವಾ. ಹಗೇವಿಂದು."

ನೋಡಿ ನೋಡಿ ಸಾಕಾಯಿತು. ಒಂದು ಬೆಳಗ್ಗೆ ಮೊರ ತೆಗೆದುಕೊಂಡು ಕೇರಿಗೆ ಹೋದೆ. ಹಗೇವಿನಾತ ಸೊಂಟ ಬಿದ್ದು ಗೋಡೆಗೆ ಒರಗಿ ಕುಳಿತಿದ್ದ. ಅವನ ಹೆಂಡತಿ ಹೊರಗೆ ಬಂದಳು. ಮಾವನಿಗೆ ರೊಟ್ಟಿ ಹಾಕಲು ಜೋಳ ಬೇಕೆಂದು ಕೇಳಿದೆ. ಆಕೆ ಒಳಗೆ ಹೋಗಿ ಮೊರ ತುಂಬಿ ತಂದಳು. ನಾನು ಮುಂದೆ ಹೋಗಿ ಕೈಯಲ್ಲೇ ತೆಗೆದುಕೊಂಡೆ. ಆಕೆ ತಕ್ಷಣ ಬಿಡಲಿಲ್ಲ, ಮೊರವನ್ನು ಇಬ್ಬರೂ ಹಿಡಿದುಕೊಂಡು ನಿಂತೆವು.

"ಯಜಮಾನ್ರಿಗೆ ಹೇಳಿ ಹಾಕ್ರಿ ಅವ್ವಾರ, ಎಲ್ಲಿದು ಅಂತ," ಅಂದಳು. "ಹೇಳದ ಹಾಕಬ್ಯಾಡ್ರಿ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಬೀಸಿ, ನಾದಿ, ಮೊದಲ ರೊಟ್ಟಿ ಬೇಯಿಸಿ ಮಾವನನ್ನು ಎಬ್ಬಿಸಿ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂರಿಸಿದೆ. ತಟ್ಟೆ ಮುಂದಿಟ್ಟು, "ಇದು ಕೇರಿ ಹಗೇವಿನ ಜೋಳ ಮಾವಾರ. ಹೇಳಿ ಹಾಕು ಅಂದಾಳ ಆಕಿ. ಹೇಳೀನಿ," ಅಂದೆ.

ರೊಟ್ಟಿ ಮುರಿದು ಮೂಗಿನ ಹತ್ತಿರ ಹಿಡಿದರು. ಬಹಳ ಹೊತ್ತು ಹಿಡಿದರು. "ನೆಲ ಒಣಾ ಐತಿ," ಅಂದರು. "ನಾ ಹೇಳಿದ್ದಿಲ್ಲೇನು?" ಕಣ್ಣಲ್ಲಿ ನೀರು ಬಂತು. ಆಮೇಲೆ ತಲೆಬಾಗಿಲ ಕಡೆ ನೋಡಿದರು. ಎದುರು ಮನೆಯ ಜಗುಲಿ ಅಲ್ಲಿಂದ ಕಾಣುತ್ತದೆ.

"ಆ ಕದ ಮುಂದಕ ಮಾಡವ್ವಾ."

"ನನ್ನ ಕೈ ಹಿಟ್ಟಾಗೈತಿ," ಅಂದೆ. "ಬೇಕಾದ್ರ ನೀವ ಮಾಡ್ಕಳ್ರಿ."

ಎದ್ದರು. ವಾರದಿಂದ ತಾವಾಗಿ ಏಳದವರು ಗೋಡೆ ಹಿಡಿದು, ಕಂಬ ಹಿಡಿದು ಬಾಗಿಲವರೆಗೆ ಹೋದರು. ಕದದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಬಿಟ್ಟು ಬರುತ್ತಾರೇನೋ ಅಂದುಕೊಂಡೆ. ಮುಚ್ಚಿದರು. ಮರಳಿ ಬಂದು ಕುಳಿತು ರೊಟ್ಟಿ ತಿಂದರು. ಆಸೆಯಿಂದ, ತಟ್ಟೆಯ ಮೇಲೆ ಬಿದ್ದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದರು. ಇನ್ನೊಂದು ಅಂದರು.

ಇನ್ನೊಂದು ಬಡಿಯತೊಡಗಿದೆ. ಹೈಬ್ರಿಡ್ ಹಿಟ್ಟು ಕೈಗೆ ಬರುವುದಿಲ್ಲ, ಹರಿದುಹೋಗುತ್ತದೆ, ಅದನ್ನು ಮೆಲ್ಲಗೆ ತಟ್ಟಬೇಕು. ಬಿಳಿಜೋಳದ ಹಿಟ್ಟನ್ನು ಬಡಿದರೆ ಓಣಿಗೆಲ್ಲ ಕೇಳಿಸುತ್ತದೆ. ನಮ್ಮ ಓಣಿಯಲ್ಲಿ ಆ ಸಪ್ಪಳ ಇಲ್ಲದೆ ತಿಂಗಳುಗಳಾಗಿದ್ದವು. ಮುಚ್ಚಿದ ಕದದ ಆಚೆಯಿಂದ ಎದುರು ಮನೆಯಾಕೆಯ ದನಿ ಬಂತು.

"ಏನವ್ವಾ, ಬಿಳಿಜೋಳದ್ದು ಬಡಿಯಾಕ ಹತ್ತೀಯಲ್ಲ. ಎಲ್ಲಿ ಸಿಕ್ತು?"

ಮಾವನ ಕೈ ತಟ್ಟೆಯ ಮೇಲೆ ನಿಂತಿತು. ನನ್ನ ಕಡೆ ನೋಡಿ, ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು.

"ಕೇರ್ಯಾಗ," ಎಂದು ಕೂಗಿ ಹೇಳಿದೆ. "ಅವರ ಹಗೇವಿಂದು."

ಆಚೆ ಸದ್ದಿಲ್ಲ. ಮಾವ ಕಣ್ಣು ಮುಚ್ಚಿಕೊಂಡರು. ಆಕೆ ಹೋಗಿರಬೇಕು, ಸಂಜೆಯೊಳಗೆ ಮಠದ ಕಟ್ಟೆಗೆ ಸುದ್ದಿ ಮುಟ್ಟುತ್ತದೆ ಎಂದುಕೊಂಡು ರೊಟ್ಟಿಯನ್ನು ಹಂಚಿಗೆ ಹಾಕಿದೆ. ಆಗ ಕದಕ್ಕೆ ಬಾಯಿ ಹಚ್ಚಿದ ಹಾಗೆ, ಬೇರೆ ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಆಕೆ ಕೇಳಿದಳು:

"ಇನ್ನೂ ಐತಂತೇನು?"